ಗಡಿ ದಾಟಿ ಬರುವ ಕಣಗಳು

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಉತ್ತರ ಅಕ್ಷಾಂಶದ 16 ಮತ್ತು 17 ಡಿಗ್ರಿಗಳ ನಡುವಿನ ಊರುಗಳು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಸಮೀಪದಲ್ಲೇ ಹಾದುಹೋಗುವುದರಿಂದ ಈ ಸೀಮೆಯ ಮೇಲೆ ಭೂಕಾಂತದ ಬಲರೇಖೆಗಳು ನೆಲದ ಕಡೆಗೆ ಹೆಚ್ಚು ಬಾಗದೆ ದಕ್ಷಿಣೋತ್ತರವಾಗಿ ಅಡ್ಡ ಹಾಸಿಕೊಂಡಿವೆ. ಆಕಾಶದಿಂದ ನೇರ ಕೆಳಕ್ಕೆ ಬರುವ ವಿದ್ಯುದಾವೇಶವುಳ್ಳ ಕಣ ಯಾವುದೇ ಇರಲಿ, ಅದು ಆ ರೇಖೆಗಳನ್ನು ಅಡ್ಡಹಾಯ್ದೇ ಬರಬೇಕು. ಹಾಯುವಾಗ ಅದರ ದಾರಿ ಬಾಗುತ್ತದೆ, ಶಕ್ತಿ ಸಾಲದಿದ್ದರೆ ಬಾಗಿ ಬಾಗಿ ಬಂದ ದಿಕ್ಕಿಗೇ ಮರಳುತ್ತದೆ. ಧ್ರುವಪ್ರದೇಶಗಳಲ್ಲಿ ಇಂಥ ತಡೆ ಇಲ್ಲವೆಂದೇ ಹೇಳಬಹುದು, ಏಕೆಂದರೆ ಅಲ್ಲಿ ರೇಖೆಗಳು ನೆಟ್ಟಗೆ ನೆಲಕ್ಕಿಳಿಯುತ್ತವೆ. ದಕ್ಷಿಣ ಭಾರತದ ಮೇಲಾದರೋ ಈ ತಡೆ ಜಗತ್ತಿನಲ್ಲಿಯೇ ಅತ್ಯಂತ ಎತ್ತರದ್ದು: ಹೈದರಾಬಾದಿನಿಂದ ಊಟಿಯವರೆಗಿನ ನಾಡಿಗೆ ನೇರ ಮೇಲಿನಿಂದ ಇಳಿಯಬಯಸುವ ಪ್ರೋಟಾನಿಗೆ ಸುಮಾರು 17 ಗಿಗಾ ಇಲೆಕ್ಟ್ರಾನ್‌ವೋಲ್ಟ್, ಅಂದರೆ 1,700 ಕೋಟಿ ಇಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು.

ಒಂದು ವೋಲ್ಟ್ ವ್ಯತ್ಯಾಸವನ್ನು ದಾಟಿದ ಇಲೆಕ್ಟ್ರಾನ್ ಗಳಿಸುವ ಶಕ್ತಿಗೆ ಒಂದು ಇಲೆಕ್ಟ್ರಾನ್‌ವೋಲ್ಟ್ ಎಂದು ಹೆಸರು. ರೇಡಿಯೋಗೆ ಹಾಕುವ ಸೆಲ್ಲಿನ ಎರಡು ತುದಿಗಳ ನಡುವೆ ಸಿಗುವುದು ಒಂದೂವರೆ ವೋಲ್ಟ್. ಆ ಲೆಕ್ಕದಲ್ಲಿ ಮೇಲೆ ಹೇಳಿದ ಶಕ್ತಿಗೆ 1,100 ಕೋಟಿಗೂ ಮಿಕ್ಕ ಸೆಲ್ಲುಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಬೇಕಾದೀತು. ಶಾಖದಿಂದ ಇಷ್ಟು ಶಕ್ತಿ ಬಂದಿರಬಹುದೆಂದು ಊಹಿಸುವಂತಿಲ್ಲ. 20 ಲಕ್ಷ ಡಿಗ್ರಿಯಷ್ಟು ಕಾದ ಸೂರ್ಯನ ಕರೋನಾದಲ್ಲಿಯೂ ಒಂದು ಕಣದ ಪಾಲಿಗೆ ಬರುವುದು ಸುಮಾರು 200 ಇಲೆಕ್ಟ್ರಾನ್‌ವೋಲ್ಟ್ ಮಾತ್ರ. ಹೀಗಿದ್ದರೂ ಈ ಗಡಿಯನ್ನು ದಾಟಿದ ಕಣಗಳು ಹಗಲಿರುಳೆನ್ನದೆ ಬರುತ್ತಲೇ ಇವೆ. ಅವು ಮೇಲಿನ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಬೀಳುತ್ತವೆ. ಮಕ್ತಲ್ ಸಂತೆಯಲ್ಲಿ ಚಾಚಿದ ಅಂಗೈಯೊಂದನ್ನು ಸೆಕೆಂಡಿಗೆ ಒಂದಾದರೂ ತೂರಿಹೋಗುತ್ತದೆ. ಮೂಲ ಕಣಗಳಿಗೆ ವಿಶ್ವಕಿರಣಗಳೆಂದು ಹೆಸರಾಗಿದೆ. ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5 ಕಿಲೋಮೀಟರಿಗೂ ಮೇಲೇರಿ, ಎತ್ತರ ಹೆಚ್ಚಿದಂತೆ ವಿಕಿರಣವೂ ಹೆಚ್ಚುವುದನ್ನು ಕಂಡು ಇವುಗಳ ಇರವನ್ನು ತೋರಿಸಿದನು.

ಈ ಎತ್ತರದ ತಡೆಯಿಂದ ಹತ್ತಿರದ ಊರೊಂದಕ್ಕೆ ಉಪಕಾರವೂ ಆಗಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ 1969ರಲ್ಲಿ ಹೈದರಾಬಾದಿನಲ್ಲಿ ನೆಲೆಗೊಂಡಿತು. ಕಡಿಮೆ ಶಕ್ತಿಯ ವಿಶ್ವಕಿರಣಗಳ ಗದ್ದಲ ಇಲ್ಲಿ ಸೋಸಿಹೋಗಿರುವುದರಿಂದ ನಕ್ಷತ್ರಗಳ ಕ್ಷಕಿರಣಗಳನ್ನು ಅಳೆಯುವವರಿಗೆ ಈ ಆಕಾಶ ಹೆಚ್ಚು ನಿಶ್ಶಬ್ದವಾದುದು. ಬಲೂನುಗಳು ಗಾಳಿ ಬೀಸಿದತ್ತ ತೇಲಿ ತೆಲಂಗಾಣದ, ಮಹಾರಾಷ್ಟ್ರದ ಅಥವಾ ಉತ್ತರ ಕರ್ನಾಟಕದ ಹೊಲಗಳಲ್ಲಿ ಇಳಿಯುತ್ತವೆ. ಸಿಕ್ಕಿದವರು ಯಂತ್ರವನ್ನು ಬಿಚ್ಚದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕೆಂಬ ಪ್ರಕಟಣೆ ಪತ್ರಿಕೆಗಳಲ್ಲಿ ಬರುವುದುಂಟು. 2022ರ ಡಿಸೆಂಬರಿನಲ್ಲಿ ನೆರೆಯ ವಿಕಾರಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಇಂಥ ಬಲೂನಿನ ದೊಡ್ಡ ಕೋಶವೊಂದು ಇಳಿದಾಗ ಸುತ್ತಲಿನ ಹಳ್ಳಿಗಳ ಜನ ಅದನ್ನು ನೋಡಲು ನೆರೆದಿದ್ದರು.

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ಗಡಿ ದಾಟುವಷ್ಟು ಶಕ್ತಿಯನ್ನು ಈ ಕಣಗಳಿಗೆ ಕೊಟ್ಟವರು ಯಾರು? ಇದಕ್ಕೆ ಉತ್ತರ ಹುಡುಕುವ ಮೊದಲು ಅವು ಹಾದುಬರುವ ವಸ್ತು ಎಂಥದೆಂದು ತಿಳಿಯಬೇಕು. ಅನಿಲವೊಂದು ಬಹಳ ಕಾಯ್ದಾಗ ಅಥವಾ ಅದರ ಮೇಲೆ ಪ್ರಖರವಾದ ಬೆಳಕು ಬಿದ್ದಾಗ ಅದರ ಪರಮಾಣುಗಳಿಂದ ಇಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಹೀಗೆ ಋಣಾವೇಶದ ಇಲೆಕ್ಟ್ರಾನುಗಳೂ ಧನಾವೇಶದ ಅಯಾನುಗಳೂ ಬೆರೆತಿರುವ ಸ್ಥಿತಿಗೆ ಪ್ಲಾಸ್ಮಾ ಎನ್ನುತ್ತಾರೆ. ಸೂರ್ಯನೂ ಸೂರ್ಯನಿಂದ ಬೀಸುವ ಸೌರಮಾರುತವೂ ನಕ್ಷತ್ರಗಳ ನಡುವಣ ಅವಕಾಶದ ಬಹುಭಾಗವೂ ಪ್ಲಾಸ್ಮಾ. ಬಾನುಲಿಯನ್ನು ಕೇಳುವವರಿಗೆ ಇದರ ಪರಿಚಯ ಬೇರೆ ಬಗೆಯಲ್ಲಿ ಆಗಿರುತ್ತದೆ. ಹಗಲಿನಲ್ಲಿ ಕೇಳದ ದೂರದ ಮಧ್ಯಮ ತರಂಗದ ನಿಲಯಗಳು ರಾತ್ರಿ ಕೇಳಿಬರುವುದು, ನೆಲದಿಂದ ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳವೆಂಬ ಪ್ಲಾಸ್ಮಾ ಪದರ ಆ ಅಲೆಗಳನ್ನು ಹಿಂದಕ್ಕೆ ತಿರುಗಿಸುವುದರಿಂದ. ಹಗಲಿನಲ್ಲಿ ಅದರ ಕೆಳಪದರವೇ ಅಲೆಗಳನ್ನು ಹೀರಿಬಿಡುತ್ತದೆ, ಸೂರ್ಯ ಮುಳುಗಿದ ಮೇಲೆ ಆ ಕೆಳಪದರ ಕರಗುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಬಿಡಿ ಇಲೆಕ್ಟ್ರಾನುಗಳಿವೆಯೋ ಆ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಆ ಪ್ಲಾಸ್ಮಾದ ಸಹಜ ಕಂಪನಾಂಕ ಕಿಲೋಹರ್ಟ್ಸ್‌ಗಳಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆ ಕಂಪನಾಂಕದ ಅಲೆ ಒಳಹೊಗಲಾರದು. ಈ ಚಿಕ್ಕ ಸೂತ್ರದ ಉಪಯೋಗ ಮುಂದೆಯೂ ಬರಲಿದೆ.

ಪ್ಲಾಸ್ಮಾ ಉತ್ತಮ ವಿದ್ಯುದ್ವಾಹಕವಾಗಿರುವುದೇ ನಮ್ಮ ಪ್ರಶ್ನೆಯನ್ನು ಜಟಿಲಗೊಳಿಸಿದೆ. ವಿದ್ಯುದಾವೇಶವುಳ್ಳ ಕಣದ ವೇಗವನ್ನು ಹೆಚ್ಚಿಸುವುದು ವಿದ್ಯುತ್ ಕ್ಷೇತ್ರವೊಂದೇ. ಕಾಂತಕ್ಷೇತ್ರದ ಬಲ ಯಾವಾಗಲೂ ಕಣ ಹೋಗುವ ದಿಕ್ಕಿಗೆ ಅಡ್ಡವಾಗಿಯೇ ಇರುವುದರಿಂದ ಅದು ಕಣವನ್ನು ತಿರುಗಿಸಬಲ್ಲದು, ಸುತ್ತಿಸಬಲ್ಲದು, ಆದರೆ ಒಂದಿಷ್ಟೂ ಶಕ್ತಿ ಕೊಡಲಾರದು. ಗುಡುಗು ಮೋಡದೊಳಗೆ ದೊಡ್ಡ ವಿದ್ಯುತ್ ಕ್ಷೇತ್ರ ನಿಲ್ಲುವುದಕ್ಕೆ ಕಾರಣ ಗಾಳಿ ಅವಾಹಕವಾಗಿರುವುದು. ಊಟಿಯ ಗ್ರೇಪ್ಸ್-3 ವಿಶ್ವಕಿರಣ ಪ್ರಯೋಗಾಲಯದವರು 2014ರ ಡಿಸೆಂಬರ್ 1ರ ಗುಡುಗುಮಳೆಯಲ್ಲಿ ಮ್ಯೂಯಾನುಗಳ ಸಂಖ್ಯೆ ತಗ್ಗಿದುದನ್ನು ಅಳೆದು, ಆ ಮೋಡದಲ್ಲಿ ಸುಮಾರು 130 ಕೋಟಿ ವೋಲ್ಟಿನ ವ್ಯತ್ಯಾಸವಿತ್ತೆಂದು ಲೆಕ್ಕ ಹಾಕಿದ್ದಾರೆ. ಪ್ಲಾಸ್ಮಾದಲ್ಲಿ ಇಂಥದ್ದು ಸಾಮಾನ್ಯವಾಗಿ ನಿಲ್ಲದು. ಕ್ಷೇತ್ರ ತಲೆಯೆತ್ತಿದ ಕೂಡಲೇ ಬಿಡಿ ಇಲೆಕ್ಟ್ರಾನುಗಳು ಹರಿದುಬಂದು ಅದನ್ನು ಅಳಿಸಿಹಾಕುತ್ತವೆ. ಶಕ್ತಿ ಕೊಡಬಲ್ಲ ವಿದ್ಯುತ್ ಕ್ಷೇತ್ರ ಅಲ್ಲಿ ಉಳಿಯುವುದಿಲ್ಲ; ಉಳಿಯುವ ಕಾಂತಕ್ಷೇತ್ರಕ್ಕೆ ಶಕ್ತಿ ಕೊಡುವ ಸಾಮರ್ಥ್ಯವಿಲ್ಲ.

ಈ ಬಿಕ್ಕಟ್ಟಿಗೆ ಒಂದು ದಾರಿಯುಂಟು. ಕಾಂತಕ್ಷೇತ್ರ ನಿಂತಲ್ಲೇ ನಿಂತಿದ್ದರೆ ಮೇಲಿನ ಮಾತು ಪೂರ್ತಿ ನಿಜ. ಅದೇ ಕ್ಷೇತ್ರ ಪ್ಲಾಸ್ಮಾದೊಡನೆ ಚಲಿಸುತ್ತಿದ್ದರೆ, ಹೊರಗಿನಿಂದ ನೋಡುವವನಿಗೆ ಅಲ್ಲಿ ವಿದ್ಯುತ್ ಕ್ಷೇತ್ರವೂ ಕಾಣುತ್ತದೆ. ಸೈಕಲ್ಲಿನ ಡೈನಮೋದಲ್ಲಿ ತಿರುಗುವ ಕಾಂತ ತಂತಿಯಲ್ಲಿ ವಿದ್ಯುತ್ತನ್ನು ಹರಿಸುವುದೂ ಇದೇ ನಿಯಮದಿಂದಲೇ. ಸ್ವೀಡನ್ನಿನ ಹಾನ್ನೆಸ್ ಆಲ್ಫ್ವೇನ್ 1942ರಲ್ಲಿ ತೋರಿಸಿದಂತೆ ಪ್ಲಾಸ್ಮಾ ಮತ್ತು ಅದರೊಳಗಿನ ಬಲರೇಖೆಗಳು ಒಂದಕ್ಕೊಂದು ಅಂಟಿಕೊಂಡು ಚಲಿಸುತ್ತವೆ, ಮತ್ತು ಮಿಡಿದ ತಂತಿಯಂತೆ ಬಲರೇಖೆಯುದ್ದಕ್ಕೂ ಅಲೆಗಳು ಸಾಗುತ್ತವೆ. ಈ ಅಲೆಗಳಿಗೆ ಅವನದೇ ಹೆಸರಿದೆ; 1970ರ ನೊಬೆಲ್ ಪ್ರಶಸ್ತಿ ಅವನಿಗೆ ಬಂದುದು ಈ ಬಗೆಯ ಕೆಲಸಕ್ಕಾಗಿ. ಹಾಗಾದರೆ ಕಣ ಗಳಿಸುವ ಶಕ್ತಿ ಮೂಲತಃ ಪ್ಲಾಸ್ಮಾದ ಚಲನೆಯದು, ಕಾಂತಕ್ಷೇತ್ರ ಅದನ್ನು ಕಣಕ್ಕೆ ತಲುಪಿಸುವ ಮಧ್ಯವರ್ತಿ. ವಿಶ್ವಕಿರಣಗಳ ಬಗೆಗಿನ ಎಷ್ಟೋ ಜನಪ್ರಿಯ ಬರಹಗಳು ಈ ಒಂದು ಮಾತನ್ನು ಬಿಟ್ಟು, ಕಾಂತಕ್ಷೇತ್ರವೇ ಕಣಗಳನ್ನು ಕವಣೆಯಿಂದ ಬೀಸಿದಂತೆ ಬಣ್ಣಿಸುತ್ತವೆ. ಓದಲು ಸೊಗಸಾದರೂ ಅದು ಭೌತಶಾಸ್ತ್ರವಲ್ಲ.

ಚಲನೆ ಎಂದರೆ ಒಂದೇ ಸಮನೆಯ ಹರಿವು ಮಾತ್ರ ಸಾಲದು, ಕ್ಷೋಭೆ ಬೇಕು. ನಾರಾಯಣಪೇಟೆ ಜಿಲ್ಲೆಯ ತಂಗಡಿಯಲ್ಲಿ ಭೀಮೆ ಬಂದು ಕೃಷ್ಣೆಯನ್ನು ಕೂಡುವಲ್ಲಿ ಮಳೆಗಾಲದ ನೀರನ್ನು ಗಮನಿಸಿದವರು ಕ್ಷೋಭೆಯನ್ನು ಕಂಡಿರುತ್ತಾರೆ: ಎರಡು ಪ್ರವಾಹಗಳ ತಿಕ್ಕಾಟದಿಂದ ದೊಡ್ಡ ಸುಳಿಗಳೇಳುತ್ತವೆ, ಅವು ಒಡೆದು ಚಿಕ್ಕ ಸುಳಿಗಳಾಗುತ್ತವೆ, ಚಿಕ್ಕವು ಇನ್ನೂ ಚಿಕ್ಕವಾಗುತ್ತ ಕೊನೆಗೆ ನೀರಿನ ಸ್ನಿಗ್ಧತೆಯಲ್ಲಿ ಕರಗಿ ಅತ್ಯಲ್ಪ ಶಾಖವಾಗುತ್ತವೆ. ರಷ್ಯದ ಗಣಿತಜ್ಞ ಆಂದ್ರೆ ಕೊಲ್ಮೊಗೊರೊವ್ 1941ರಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಶಕ್ತಿಯ ಹರಿವಿಗೆ ಒಂದು ನಿಯತ ಪ್ರಮಾಣವಿದೆಯೆಂದು ತೋರಿಸಿದನು. ಸೌರಮಾರುತದಲ್ಲಿ ನೌಕೆಗಳು ಅಳೆದ ಕಾಂತಕ್ಷೇತ್ರದ ಏರಿಳಿತಗಳೂ ವಿಸ್ತಾರವಾದ ಒಂದು ವ್ಯಾಪ್ತಿಯಲ್ಲಿ ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ಹೊಂದುತ್ತವೆ. ಪ್ಲಾಸ್ಮಾಕ್ಕೂ ನದಿಗೂ ಇರುವ ವ್ಯತ್ಯಾಸವೆಂದರೆ, ಪ್ಲಾಸ್ಮಾದ ಸುಳಿಗಳು ಎಲ್ಲ ದಿಕ್ಕಿಗೂ ಒಂದೇ ತೆರನಾಗಿರದೆ ಬಲರೇಖೆಯ ದಿಕ್ಕಿನಲ್ಲಿ ಉದ್ದವಾಗಿ ಎಳೆದುಕೊಂಡಿರುತ್ತವೆ; ಅಲ್ಲದೆ ಕಣಗಳು ಪರಸ್ಪರ ಡಿಕ್ಕಿ ಹೊಡೆಯುವುದು ಅತಿ ವಿರಳವಾದ್ದರಿಂದ ಸುಳಿಯ ಶಕ್ತಿ ಸಮಾನವಾಗಿ ಹಂಚಿಹೋಗುವುದಿಲ್ಲ. ಎಲ್ಲ ಕಣಗಳೂ ಸ್ವಲ್ಪ ಸ್ವಲ್ಪ ಬಿಸಿಯಾಗುವ ಬದಲು ಕೆಲವೇ ಕಣಗಳಿಗೆ ಮಿತಿಮೀರಿದ ಪಾಲು ಸಿಗುವುದಕ್ಕೆ ಆಸ್ಪದವಾಗುವುದು ಇಲ್ಲಿಯೇ.

ಆಲ್ಫ್ವೇನ್ 1948ರಲ್ಲಿ ಅಮೆರಿಕದ ಷಿಕಾಗೋ ನಗರಕ್ಕೆ ಹೋಗಿದ್ದಾಗ ಅವನಿಂದ ಈ ಅಲೆಗಳ ವಿಚಾರವನ್ನು ಕೇಳಿದ ಎನ್ರಿಕೊ ಫರ್ಮಿ, ಮರುವರ್ಷವೇ ವಿಶ್ವಕಿರಣಗಳ ಹುಟ್ಟಿನ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ವಿಶ್ವಕಿರಣಗಳು ಸೂರ್ಯನಿಂದಲೇ ಬರುತ್ತವೆಂದು ಆಲ್ಫ್ವೇನನೂ ಎಡ್ವರ್ಡ್ ಟೆಲ್ಲರನೂ ವಾದಿಸುತ್ತಿದ್ದ ಕಾಲವದು. ಫರ್ಮಿ ಅವರ ಸಲಕರಣೆಯನ್ನೇ ಎತ್ತಿಕೊಂಡು ಅವರ ತೀರ್ಮಾನವನ್ನು ಅಲ್ಲಗಳೆದ. ನಕ್ಷತ್ರಗಳ ನಡುವೆ ಕಾಂತಕ್ಷೇತ್ರವನ್ನು ಹೊತ್ತ ಅನಿಲದ ಮೋಡಗಳು ಮನಬಂದ ದಿಕ್ಕುಗಳಲ್ಲಿ ಅಲೆಯುತ್ತಿವೆ ಎಂದುಕೊಳ್ಳಬೇಕು. ಕಣವೊಂದು ತನ್ನೆದುರಿಗೆ ಬರುತ್ತಿರುವ ಮೋಡದ ಕಾಂತಕ್ಷೇತ್ರಕ್ಕೆ ಸಿಕ್ಕಿ ಮರಳಿದರೆ ಅದರ ಶಕ್ತಿ ಸ್ವಲ್ಪ ಹೆಚ್ಚುತ್ತದೆ. ತನ್ನಿಂದ ದೂರ ಓಡುತ್ತಿರುವ ಮೋಡವನ್ನು ಹಿಂದಿನಿಂದ ಹಿಡಿದು ಮರಳಿದರೆ ಅಷ್ಟೇ ಕಳೆಯುತ್ತದೆ. ಎರಡೂ ಸಮವಾಗಿದ್ದರೆ ಲಾಭ ಸೊನ್ನೆಯಾಗಬೇಕಿತ್ತು. ಆದರೆ ಎದುರುಬದುರಾಗಿ ಬರುವವರು ಹೆಚ್ಚು ಸಲ ಸಂಧಿಸುತ್ತಾರೆ, ಒಂದೇ ದಿಕ್ಕಿಗೆ ಹೋಗುವವರು ಕಡಿಮೆ; ಆದ್ದರಿಂದ ಒಟ್ಟು ಲೆಕ್ಕದಲ್ಲಿ ಗಳಿಕೆಯ ಕಡೆಗೇ ತಕ್ಕಡಿ ತುಸು ವಾಲುತ್ತದೆ. ಎಷ್ಟು ತುಸು ಎಂದರೆ, ಮೋಡದ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ ಬಂದುದರ ವರ್ಗದಷ್ಟು. ಮೋಡ ಸೆಕೆಂಡಿಗೆ 30 ಕಿಲೋಮೀಟರ್ ಚಲಿಸುತ್ತಿದ್ದರೆ ಒಂದು ಭೇಟಿಯ ಸರಾಸರಿ ಗಳಿಕೆ 10 ಕೋಟಿಯಲ್ಲಿ ಒಂದು ಪಾಲು.

ವರ್ಷಕ್ಕೊಂದು ಭೇಟಿಯೆಂದು ಉದಾರವಾಗಿ ಇಟ್ಟುಕೊಂಡರೂ ಶಕ್ತಿ ಎರಡು ಮೂರು ಪಟ್ಟಾಗಲು 10 ಕೋಟಿ ವರ್ಷ ಬೇಕೆಂದಾಯಿತು. ಅಷ್ಟು ಕಾಲ ವಿಶ್ವಕಿರಣಗಳು ಗ್ಯಾಲಕ್ಸಿಯಲ್ಲಿ ಉಳಿಯುವುದೇ ಇಲ್ಲ. ವಿಶ್ವಕಿರಣಗಳಲ್ಲಿ ಬೆರಿಲಿಯಮ್-10 ಎಂಬ ವಿಕಿರಣಶೀಲ ಪರಮಾಣುವಿದೆ. ಅದರ ಅರ್ಧಾಯುಷ್ಯ ಸುಮಾರು 14 ಲಕ್ಷ ವರ್ಷ. ಅದು ಎಷ್ಟು ಕ್ಷಯಿಸಿದೆ, ಎಷ್ಟು ಉಳಿದಿದೆ ಎಂಬುದನ್ನು ಅಳೆದವರು ವಿಶ್ವಕಿರಣಗಳ ವಾಸ್ತವ್ಯದ ಅವಧಿ ಒಂದೆರಡು ಕೋಟಿ ವರ್ಷಗಳ ಆಸುಪಾಸಿನದೆಂದು ಕಂಡಿದ್ದಾರೆ. ಫರ್ಮಿಗೆ ಇನ್ನೊಂದು ತೊಡಕು ಆಗಲೇ ಗೊತ್ತಿತ್ತು. 1948ರ ಬಲೂನು ಪ್ರಯೋಗಗಳಲ್ಲಿ ಪ್ರೋಟಾನುಗಳ ಜೊತೆಗೆ ಭಾರವಾದ ಪರಮಾಣುಗಳ ಬೀಜಗಳೂ ಕಂಡುಬಂದಿದ್ದವು. ಅವು ಅನಿಲದಲ್ಲಿ ಸಾಗುವಾಗ ಕಳೆದುಕೊಳ್ಳುವ ಶಕ್ತಿಯೇ ಹೆಚ್ಚಾದ್ದರಿಂದ ಇಷ್ಟು ನಿಧಾನದ ಗಳಿಕೆ ಅವುಗಳಿಗೆ ಎಟುಕುವುದಿಲ್ಲ. ಆ ಭಾರದ ಬೀಜಗಳನ್ನು ಕಂಡವರಲ್ಲಿ ಒಬ್ಬನಾದ ಬರ್ನಾರ್ಡ್ ಪೀಟರ್ಸ್ 1950ರ ದಶಕದಲ್ಲಿ ಮುಂಬಯಿಯ ಟಾಟಾ ಸಂಸ್ಥೆಗೆ ಬಂದು ಅಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಬೆಳೆಸಿದನು. ಫರ್ಮಿಯ ಮೂಲ ಉಪಾಯ ಗಳಿಕೆಯ ವೇಗದಲ್ಲಿ ಸೋತಿತಾದರೂ ಅದರ ತಿರುಳು ಸೋಲಲಿಲ್ಲ.

ಗಳಿಕೆ ಬೇಗ ಆಗಬೇಕಾದರೆ ಕಣ ಪ್ರತಿ ಸಲವೂ ಎದುರಿನಿಂದ ಬರುವ ಪ್ಲಾಸ್ಮಾವನ್ನೇ ಸಂಧಿಸಬೇಕು. ಅಂಥ ಏರ್ಪಾಡು ಆಘಾತ ತರಂಗದಲ್ಲಿದೆ. ದೊಡ್ಡ ನಕ್ಷತ್ರವೊಂದು ಸಿಡಿದು ಸೂಪರ್‌ನೋವಾ ಆದಾಗ ಹೊರಚಿಮ್ಮಿದ ವಸ್ತು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತಲಿನ ಪ್ಲಾಸ್ಮಾವನ್ನು ತಳ್ಳುತ್ತ ಹೋಗುತ್ತದೆ. ಮುಂದಿನ ಪ್ಲಾಸ್ಮಾ ದಾರಿ ಬಿಡುವಷ್ಟರಲ್ಲಿಯೇ ಹಿಂದಿನದು ಬಂದು ಬೀಳುವುದರಿಂದ ನಡುವೆ ಒಂದು ತೀಕ್ಷ್ಣವಾದ ಮುಖ ಏರ್ಪಡುತ್ತದೆ. ಆ ಮುಖವೇ ಆಘಾತ ತರಂಗ. ಅದರ ಎರಡೂ ಬದಿಗಳಲ್ಲಿ ಕಾಂತಕ್ಷೇತ್ರ ಕ್ಷೋಭೆಗೊಂಡಿರುತ್ತದೆ. ಒಂದು ಬದಿಯಲ್ಲಿ ನಿಂತು ನೋಡಿದರೆ ಇನ್ನೊಂದು ಬದಿಯ ಪ್ಲಾಸ್ಮಾ ಎದುರಿನಿಂದ ನುಗ್ಗಿಬರುತ್ತಿರುತ್ತದೆ, ಆ ಬದಿಗೆ ಹೋಗಿ ನೋಡಿದರೆ ಈ ಬದಿಯದು ನುಗ್ಗಿಬರುತ್ತಿರುತ್ತದೆ. ನಾರಾಯಣಪೇಟೆಯ ಮಗ್ಗದಲ್ಲಿ ಲಾಳಿ ಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಅಲ್ಲಿಂದ ಮರಳಿ ಈ ಅಂಚಿಗೆ ಓಡಾಡುವಂತೆ ಕಣ ಆಘಾತದ ಮುಖವನ್ನು ದಾಟಿ ಆಚೆಗೆ ಹೋಗಿ, ಅಲ್ಲಿಯ ಕ್ಷೋಭೆಗೆ ಸಿಕ್ಕಿ ದಿಕ್ಕು ಬದಲಿಸಿ, ಮತ್ತೆ ಈಚೆಗೆ ಬರುತ್ತದೆ. ಲಾಳಿಗೆ ಪ್ರತಿ ಸಲ ನೇಕಾರನ ಕೈ ಒಂದು ತಳ್ಳು ಕೊಡುವಂತೆ ಕಣಕ್ಕೆ ಪ್ರತಿ ದಾಟುವಿಕೆಯಲ್ಲೂ ಎದುರಿನ ಪ್ಲಾಸ್ಮಾದಿಂದ ಒಂದು ಪಾಲು ಸಿಗುತ್ತದೆ. ವ್ಯತ್ಯಾಸವೊಂದಿದೆ: ಲಾಳಿ ಪ್ರತಿ ಸಲವೂ ಹಿಂದಿರುಗುತ್ತದೆ, ಕಣಗಳಲ್ಲಿ ಕೆಲವು ಹಿಂದಿರುಗದೆ ಹಿಂದಿನ ಪ್ಲಾಸ್ಮಾದೊಡನೆ ಕೊಚ್ಚಿಹೋಗುತ್ತವೆ.

ಹಿಂದಿರುಗದಿರುವ ಈ ಸಂಭವದಲ್ಲಿಯೇ ಇಡೀ ಸಿದ್ಧಾಂತದ ಸೊಗಸು ಅಡಗಿದೆ. ಸೆಕೆಂಡಿಗೆ 5,000 ಕಿಲೋಮೀಟರ್ ವೇಗದ ಬಲವಾದ ಆಘಾತವನ್ನು ತೆಗೆದುಕೊಂಡರೆ, ಅದು ಬೆಳಕಿನ ವೇಗದ 60ನೆಯ ಒಂದು ಭಾಗ. ಒಂದು ಸುತ್ತು ಹೋಗಿಬಂದ ಕಣದ ಶಕ್ತಿ ಸರಾಸರಿ 60ರಲ್ಲಿ ಒಂದು ಪಾಲು ಹೆಚ್ಚುತ್ತದೆ. ಅದೇ ಸುತ್ತಿನಲ್ಲಿ 60 ಕಣಗಳಿಗೆ ಒಂದು ಕಣ ಕೊಚ್ಚಿಹೋಗುತ್ತದೆ. ಒಂದು ಗಿಗಾ ಇಲೆಕ್ಟ್ರಾನ್‌ವೋಲ್ಟಿನಿಂದ ಹೊರಟ ಕಣ 17ರ ಗಡಿಯನ್ನು ಮುಟ್ಟಲು ಸುಮಾರು 170 ಸುತ್ತು ಹಾಕಬೇಕು, ಅಷ್ಟು ಸುತ್ತು ಉಳಿದುಕೊಳ್ಳುವುದು 17 ಕಣಗಳಲ್ಲಿ ಒಂದು ಮಾತ್ರ. ಆಘಾತದ ವೇಗವನ್ನು ಅರ್ಧಕ್ಕಿಳಿಸಿದರೆ ಪ್ರತಿ ಸುತ್ತಿನ ಗಳಿಕೆಯೂ ಅರ್ಧ, ನಷ್ಟವೂ ಅರ್ಧ. ಸುತ್ತುಗಳು ಇಮ್ಮಡಿಯಾದರೂ ಕೊನೆಗೆ ಉಳಿಯುವುದು ಮತ್ತೆ 17ರಲ್ಲಿ ಒಂದೇ. ಶಕ್ತಿ ಎಷ್ಟು ಪಟ್ಟು ಹೆಚ್ಚಿತೋ ಸಂಖ್ಯೆ ಅಷ್ಟೇ ಪಟ್ಟು ಇಳಿಯುವ ಇಂಥ ಸಂಬಂಧಕ್ಕೆ ಘಾತ ನಿಯಮವೆನ್ನುತ್ತಾರೆ. ಯಾವ ನಕ್ಷತ್ರ ಸಿಡಿಯಿತು, ಎಷ್ಟು ರಭಸದಿಂದ ಸಿಡಿಯಿತು ಎಂಬುದನ್ನು ಲೆಕ್ಕಿಸದೆ ಒಂದೇ ನಿಯಮ ಹೊರಬರುವುದರಿಂದಲೇ, ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಡೆ ಹುಟ್ಟಿದ ಕಣಗಳು ಬೆರೆತು ಬಂದರೂ ವಿಶ್ವಕಿರಣಗಳ ಹಂಚಿಕೆ ಸರಳರೇಖೆಯಂತೆ ಅಚ್ಚುಕಟ್ಟಾಗಿ ಕಾಣುತ್ತದೆ. ಭೂಮಿಯಲ್ಲಿ ಅಳೆದಾಗ ಸಂಖ್ಯೆ ಇನ್ನಷ್ಟು ಬೇಗ ಇಳಿಯುವುದೇನೋ ನಿಜ. ಹೆಚ್ಚು ಶಕ್ತಿಯ ಕಣಗಳು ಗ್ಯಾಲಕ್ಸಿಯಿಂದ ಬೇಗನೆ ಸೋರಿಹೋಗುವುದು ಅದಕ್ಕೆ ಕಾರಣ. ಈ ಸಿದ್ಧಾಂತವನ್ನು 1977 ಮತ್ತು 1978ರಲ್ಲಿ ನಾಲ್ಕು ತಂಡಗಳು ಸ್ವತಂತ್ರವಾಗಿ ಮುಂದಿಟ್ಟವು: ರಷ್ಯದ ಕ್ರಿಮ್ಸ್ಕಿ, ಇಂಗ್ಲೆಂಡಿನ ಟೋನಿ ಬೆಲ್, ಬ್ಲಾಂಡ್‌ಫರ್ಡ್ ಮತ್ತು ಆಸ್ಟ್ರೈಕರ್, ಇಯಾನ್ ಆಕ್ಸ್‌ಫರ್ಡ್ ಮತ್ತು ಅವನ ಸಂಗಡಿಗರು.

ಕಣವನ್ನು ಎರಡೂ ಬದಿಯಿಂದ ಮರಳಿಸುವ ಕ್ಷೋಭೆ ಎಲ್ಲಿಂದ ಬರುತ್ತದೆ ಎಂಬುದು ಇಲ್ಲಿ ಸಹಜವಾದ ಪ್ರಶ್ನೆ. ಆಘಾತದ ಹಿಂಬದಿ ಕಲಕಿಹೋಗಿರುವುದರಿಂದ ಅಲ್ಲಿ ಅದಕ್ಕೆ ಕೊರತೆಯಿಲ್ಲ. ಮುಂಬದಿಯ ಪ್ಲಾಸ್ಮಾ ಇನ್ನೂ ಶಾಂತವಾಗಿರುತ್ತದೆ. ಅದನ್ನು ಕಲಕುವವು ಆಘಾತವನ್ನು ದಾಟಿ ಮುಂದೆ ನುಗ್ಗುವ ವಿಶ್ವಕಿರಣಗಳೇ. ಗುಂಪಾಗಿ ಹರಿಯುವ ಕಣಗಳು ಬಲರೇಖೆಗಳಲ್ಲಿ ಆಲ್ಫ್ವೇನ್ ಅಲೆಗಳನ್ನೆಬ್ಬಿಸುತ್ತವೆ, ಆ ಅಲೆಗಳು ಹಿಂದೆ ಬರುವ ಕಣಗಳನ್ನು ತಡೆದು ಮತ್ತೆ ಆಘಾತದ ಕಡೆಗೆ ತಳ್ಳುತ್ತವೆ. ಕಣ ಸುತ್ತುವ ವೃತ್ತದ ಅಳತೆಗೆ ಸರಿಹೊಂದುವ ಅಲೆ ಮಾತ್ರ ಹೀಗೆ ತಡೆಯಬಲ್ಲದು. ನಕ್ಷತ್ರಗಳ ನಡುವಿನ ಸಾಮಾನ್ಯ ಕಾಂತಕ್ಷೇತ್ರದಲ್ಲಿ 17 ಗಿಗಾ ಇಲೆಕ್ಟ್ರಾನ್‌ವೋಲ್ಟಿನ ಪ್ರೋಟಾನು ಸುತ್ತುವ ವೃತ್ತದ ತ್ರಿಜ್ಯ ಸುಮಾರು 19 ಕೋಟಿ ಕಿಲೋಮೀಟರ್, ಅಂದರೆ ಭೂಮಿಯಿಂದ ಸೂರ್ಯನಿಗಿರುವ ದೂರಕ್ಕಿಂತ ತುಸು ಹೆಚ್ಚು. ಶಕ್ತಿ ಬೆಳೆದಂತೆ ವೃತ್ತವೂ ಬೆಳೆಯುತ್ತದೆ, ಅದನ್ನು ಹಿಡಿದಿಡಲು ಇನ್ನೂ ದೊಡ್ಡ ಅಲೆಗಳು ಬೇಕಾಗುತ್ತವೆ, ಒಂದು ಹಂತದಲ್ಲಿ ಅವು ಸಾಲದೆ ಕಣ ತಪ್ಪಿಸಿಕೊಳ್ಳುತ್ತದೆ. ಸೂಪರ್‌ನೋವಾ ಆಘಾತಗಳ ಗಳಿಕೆ 1ರ ಮುಂದೆ 15 ಸೊನ್ನೆಗಳಷ್ಟು ಇಲೆಕ್ಟ್ರಾನ್‌ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆಂಬ ಅಂದಾಜಿಗೆ ಇದೇ ಆಧಾರ. ಅದಕ್ಕೂ ಲಕ್ಷಾಂತರ ಪಟ್ಟು ಶಕ್ತಿಯ ಕಣಗಳು ಅಪರೂಪಕ್ಕೆ ಬರುತ್ತವೆ; 1991ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾದಲ್ಲಿ ಅಂಥದೊಂದು ದಾಖಲಾಯಿತು. ಅವುಗಳ ಮೂಲ ಗ್ಯಾಲಕ್ಸಿಯ ಹೊರಗಿನದು, ಅದು ಬೇರೆಯೇ ಕಥೆ.

ಸೂಪರ್‌ನೋವಾಗಳೇ ಪ್ರೋಟಾನುಗಳನ್ನು ಬೆಳೆಸುತ್ತವೆಂಬುದಕ್ಕೆ ಬಹುಕಾಲ ಲೆಕ್ಕಾಚಾರದ ಆಧಾರವಷ್ಟೇ ಇತ್ತು. 2013ರಲ್ಲಿ ಫರ್ಮಿಯ ಹೆಸರನ್ನೇ ಹೊತ್ತ ಗಾಮಾ ಕಿರಣಗಳ ದೂರದರ್ಶಕದಿಂದ ಐಸಿ 443 ಮತ್ತು ಡಬ್ಲ್ಯೂ 44 ಎಂಬ ಎರಡು ಸೂಪರ್‌ನೋವಾ ಅವಶೇಷಗಳನ್ನು ನೋಡಿದವರು, ವೇಗದ ಪ್ರೋಟಾನುಗಳು ಅನಿಲಕ್ಕೆ ಬಡಿದಾಗ ಹುಟ್ಟುವ ಪಯಾನ್ ಎಂಬ ಕಣದ ಗುರುತನ್ನು ಆ ಕಿರಣಗಳಲ್ಲಿ ಪತ್ತೆಹಚ್ಚಿದರು.

ಕನ್ನಡ ನಾಡಿನವರು ಈ ವಿಷಯದಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳಿಗಿಳಿದು, ಬೇರೆ ಬೇರೆ ಆಳಗಳಲ್ಲಿ ಎಷ್ಟು ಮ್ಯೂಯಾನುಗಳು ತಲುಪುತ್ತವೆಂದು ಎಣಿಸಿದರು. ಬಂಡೆಯೇ ಅಲ್ಲಿ ಜರಡಿ: ಆಳ ಹೆಚ್ಚಿದಷ್ಟೂ ಹೆಚ್ಚು ಶಕ್ತಿಯ ಕಣಗಳು ಮಾತ್ರ ಉಳಿಯುತ್ತವೆ, ಆದ್ದರಿಂದ ಆಳಕ್ಕೆ ತಕ್ಕಂತೆ ಸಂಖ್ಯೆ ಇಳಿಯುವ ಬಗೆಯಿಂದ ಘಾತ ನಿಯಮವನ್ನೇ ಓದಿಕೊಳ್ಳಬಹುದು. ಅದೇ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿತು. ಉಡುಪಿಯ ಅದಮಾರಿನವರಾದ ಯು. ಆರ್. ರಾವ್ ಅವರನ್ನು ಜನ ಉಪಗ್ರಹಗಳ ವಿಜ್ಞಾನಿಯೆಂದೇ ಬಲ್ಲರು. ಅವರು ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿ ಮೊದಲು ಪಳಗಿದ್ದು ವಿಶ್ವಕಿರಣಗಳಲ್ಲಿ. 1963ರಲ್ಲಿ ಅವರು ಸ್ನೈಡರ್ ಮತ್ತು ನ್ಯೂಗೆಬಾವರ್ ಎಂಬ ವಿಜ್ಞಾನಿಗಳೊಡನೆ ಮ್ಯಾರಿನರ್-2 ನೌಕೆಯ ಅಳತೆಗಳನ್ನು ಬಳಸಿ, ಸೌರಮಾರುತದ ವೇಗಕ್ಕೂ ವಿಶ್ವಕಿರಣಗಳ ಏರಿಳಿತಕ್ಕೂ ಇರುವ ನಂಟನ್ನು ವಿವರಿಸಿದರು.

ಆಘಾತವೊಂದು ಕಣಗಳನ್ನು ಬೆಳೆಸುತ್ತಿರುವುದನ್ನು ನಡೆಯುತ್ತಿರುವಾಗಲೇ ಹಿಡಿಯುವ ಸ್ಥಳ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿಯಿದೆ. 1976ರಿಂದ ನಡೆದುಬಂದಿರುವ ಅಲ್ಲಿಯ ರೇಡಿಯೋ ವೀಕ್ಷಣಾಲಯದ ಮೊದಲ ದೊಡ್ಡ ಏರ್ಪಾಡಿನಲ್ಲಿ, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದಕ್ಕೂ ಅದರ ನಡುವಿನಿಂದ ದಕ್ಷಿಣಕ್ಕೂ ಒಟ್ಟು 1,000 ಆಂಟೆನಾಗಳನ್ನು ನಿಲ್ಲಿಸಿದ್ದರು. 1997ರಿಂದ ಸೂರ್ಯನನ್ನೇ ನೋಡುವ ರೇಡಿಯೋ ಉಪಕರಣವೂ ಕೆಲಸ ಮಾಡುತ್ತಿದೆ. ಸೂರ್ಯನಲ್ಲಿ ಸ್ಫೋಟವಾದಾಗ ಅಲ್ಲಿಯ ದಾಖಲೆಯಲ್ಲಿ ಎರಡು ಬಗೆಯ ಗೆರೆಗಳು ಮೂಡುತ್ತವೆ. ಒಂದು ಗೆರೆ 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಜಾರಿಬಿಡುತ್ತದೆ, ಇನ್ನೊಂದು ಅದೇ ಇಳಿಜಾರನ್ನು ಇಳಿಯಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಅಯಾನುಗೋಳದ ವಿಚಾರದಲ್ಲಿ ಹೇಳಿದ ವರ್ಗಮೂಲದ ಸೂತ್ರವನ್ನು ಇಲ್ಲಿ ಹಚ್ಚಿದರೆ 80 ಮೆಗಾಹರ್ಟ್ಸ್ ಹೊಮ್ಮುವ ಜಾಗದಲ್ಲಿ ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ ಇಲೆಕ್ಟ್ರಾನುಗಳಿವೆ, 40ರ ಜಾಗದಲ್ಲಿ 2 ಕೋಟಿ. ಸೂರ್ಯನಿಂದ ಮೇಲೆ ಹೋದಂತೆ ಸಾಂದ್ರತೆ ಇಳಿಯುವುದು ಗೊತ್ತಿರುವುದರಿಂದ, ಗೆರೆ ಇಳಿದ ವೇಗವೇ ಅದನ್ನು ಹೊಮ್ಮಿಸಿದ ವಸ್ತು ಮೇಲೇರಿದ ವೇಗವಾಗುತ್ತದೆ. ಬೇಗ ಜಾರಿದ ಗೆರೆ ಬೆಳಕಿನ ವೇಗದ ಮೂರನೆಯ ಒಂದು ಭಾಗದಷ್ಟು ವೇಗದ ಇಲೆಕ್ಟ್ರಾನುಗಳ ಧಾರೆಯದು. ನಿಧಾನದ ಗೆರೆ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವೇಗದ ಆಘಾತ ತರಂಗದ್ದು. ಆ ಆಘಾತ ಹಾದಿಯಲ್ಲಿ ಇಲೆಕ್ಟ್ರಾನುಗಳನ್ನು ಬೆಳೆಸುತ್ತ ಹೋಗುವುದರಿಂದಲೇ ಅದು ರೇಡಿಯೋದಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಥ ಸೌರಸ್ಫೋಟದ ಪರಿಣಾಮ ದಕ್ಷಿಣ ಭಾರತದ ಎತ್ತರದ ತಡೆಗೂ ತಟ್ಟುವುದುಂಟು. 2015ರ ಜೂನ್ 22ರಂದು ಸೂರ್ಯನಿಂದ ಹೊರಟ ಪ್ಲಾಸ್ಮಾದ ದೊಡ್ಡ ರಾಶಿಯೊಂದು ಭೂಕಾಂತದ ಕವಚಕ್ಕೆ ಬಂದು ಬಡಿದಾಗ, ಕವಚ ತಾತ್ಕಾಲಿಕವಾಗಿ ದುರ್ಬಲಗೊಂಡು 17ರ ಗಡಿ ಸ್ವಲ್ಪ ತಗ್ಗಿತು. ಸುಮಾರು ಎರಡು ಗಂಟೆಗಳ ಕಾಲ ಊಟಿಯ ಗ್ರೇಪ್ಸ್-3ರಲ್ಲಿ ಎಂದಿಗಿಂತ ಹೆಚ್ಚು ಮ್ಯೂಯಾನುಗಳು ದಾಖಲಾದವು.

ಇನ್ನೂ ಪೂರ್ತಿ ಬಗೆಹರಿಯದ ಭಾಗವೆಂದರೆ ಮೊದಲ ಹೆಜ್ಜೆ. ಆಘಾತದ ಮುಖವನ್ನು ದಾಟಿ ಹೋಗಿಬರಲು ಕಣ ಆಗಲೇ ಸಾಕಷ್ಟು ಚುರುಕಾಗಿರಬೇಕು. ಪ್ಲಾಸ್ಮಾದ ಸಾಮಾನ್ಯ ಕಣಕ್ಕೆ ಆ ಅರ್ಹತೆಯಿಲ್ಲ. ಅದನ್ನು ಕೊಡುವ ಒಂದು ಪ್ರಕ್ರಿಯೆ ಕಾಂತ ಮರುಜೋಡಣೆ. ಕ್ಷೋಭೆಯಲ್ಲಿ ವಿರುದ್ಧ ದಿಕ್ಕಿನ ಬಲರೇಖೆಗಳು ತೆಳುವಾದ ಹಾಳೆಯಂಥ ಜಾಗದಲ್ಲಿ ಒತ್ತಿಕೊಂಡಾಗ, ಪ್ಲಾಸ್ಮಾಕ್ಕೂ ಬಲರೇಖೆಗಳಿಗೂ ಇರುವ ಅಂಟು ಅಲ್ಲಿ ಮಾತ್ರ ಬಿಟ್ಟುಹೋಗಿ, ರೇಖೆಗಳು ಕಡಿದು ಹೊಸ ಬಗೆಯಲ್ಲಿ ಕೂಡಿಕೊಳ್ಳುತ್ತವೆ. ಆ ಕ್ಷಣದಲ್ಲಿ ಅಳಿಯದ ವಿದ್ಯುತ್ ಕ್ಷೇತ್ರವೊಂದು ನಿಲ್ಲುತ್ತದೆ, ಅದರ ದಾರಿಗೆ ಸಿಕ್ಕ ಕಣಗಳು ಒಮ್ಮೆಗೇ ಮೇಲಕ್ಕೆ ಜಿಗಿಯುತ್ತವೆ. ಲೂಕಾ ಕೊಮಿಸ್ಸೋ ಮತ್ತು ಲೊರೆಂಜೋ ಸಿರೋನಿ 2018ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಗಣನೆಗಳಲ್ಲಿ, ಬಲವಾದ ಕಾಂತಕ್ಷೇತ್ರವುಳ್ಳ ಪ್ಲಾಸ್ಮಾವನ್ನು ಕಲಕಿದಾಗ ಕಣಗಳ ಮೊದಲ ಜಿಗಿತ ಇಂಥ ಹಾಳೆಗಳಲ್ಲಿಯೂ ನಂತರದ ದೀರ್ಘ ಗಳಿಕೆ ಫರ್ಮಿ ಹೇಳಿದಂತೆ ಚಲಿಸುವ ಕ್ಷೋಭೆಯ ಭೇಟಿಗಳಲ್ಲಿಯೂ ಆಗುವುದು ಕಂಡಿತು. ಅಲೆಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುವಂಥ ಕಡೆ, ಉದಾಹರಣೆಗೆ ಏಡಿ ನೀಹಾರಿಕೆಯಲ್ಲಿ, ಆ ಎರಡು ವೇಗಗಳ ಪ್ರಮಾಣವನ್ನು ವರ್ಗಕ್ಕೇರಿಸಿದರೂ ಬರುವ ಸಂಖ್ಯೆ ಚಿಕ್ಕದಾಗುವುದಿಲ್ಲ; ನಿಧಾನವೆಂದು ಬದಿಗಿಟ್ಟಿದ್ದ 1949ರ ಉಪಾಯ ಅಲ್ಲಿ ಮತ್ತೆ ಬೆಲೆ ಪಡೆದಿದೆ.

ಮೊದಲ ಹೆಜ್ಜೆಯ ಕಣಗಳನ್ನು ನೇರವಾಗಿ ಅಳೆಯುವ ಭಾರತದ ಉಪಕರಣವೊಂದು ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ನೆಲೆ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ರೂಪಿಸಿದ ಸ್ಟೆಪ್ಸ್ ಎಂಬ ಮಾಪಕ ಸೌರಮಾರುತದ ಸಾಮಾನ್ಯ ಕಣಗಳಿಗಿಂತ ಚುರುಕಾದ, ವಿಶ್ವಕಿರಣಗಳಿಗಿಂತ ಬಹಳ ಮಂದವಾದ ಅಯಾನುಗಳನ್ನು ಬೇರೆ ಬೇರೆ ದಿಕ್ಕುಗಳಿಂದ ಎಣಿಸುತ್ತದೆ. ಅದೇ ನೌಕೆಯ ಕಾಂತಮಾಪಕ ಸುತ್ತಲಿನ ಕ್ಷೇತ್ರದ ಏರಿಳಿತವನ್ನು ಬರೆದುಕೊಳ್ಳುತ್ತದೆ. ಆಘಾತವೊಂದು ನೌಕೆಯನ್ನು ಹಾದುಹೋದಾಗ ಈ ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಕ್ಷೋಭೆ ಮೊದಲೆದ್ದಿತೋ ಕಣಗಳ ಸಂಖ್ಯೆ ಮೊದಲೇರಿತೋ ಎಂದು ನೋಡಲು ಸಾಧ್ಯವಾಗುತ್ತದೆ.